ಕಬ್ಬಿಣದ ಗೂಟ ಮತ್ತು ಹೊಲಿಗೆ ಸೂಜಿ

ಉಲ್‌ಬೋಸಿನ್ ಎಂದರೆ "ಗಂಡಾಗಲಿ" ಎಂದರ್ಥ. ಸಾಲಾಗಿ ಹೆಣ್ಣೇ ಹುಟ್ಟಿದ ಮನೆಯಲ್ಲಿ ಕೊನೆಯ ಹೆಣ್ಣಿಗೆ ಇಡುವ ಹೆಸರು ಅದು. ಅದು ಮಗುವಿಗೆ ಇಟ್ಟ ಹೆಸರಲ್ಲ, ಮುಂದೆ ಹುಟ್ಟಬೇಕಾದವನಿಗಾಗಿ ಮೇಲಿನವನಿಗೆ ಹಾಕಿದ ಅರ್ಜಿ. ನಮ್ಮ ಕಜಕ್ ಹಳ್ಳಿ ಸಾರಿಬುಲಾಕಿನಲ್ಲಿ ಬೀದಿಗೊಬ್ಬಳು ಉಲ್‌ಬೋಸಿನ್ ಸಿಗುತ್ತಾಳೆ, ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಶಾಲೆಯ ಉಲ್‌ಬೋಸಿನ್ ಕೂಡ ಹಚ್ಚಿಕೊಂಡವಳಲ್ಲ. ಅವಳ ತಲೆನೋವೇ ಬೇರೆ. ಹೊಲಿಗೆ ಕಲಿಸಲು ಸೇರಿದ್ದ ಅವಳ ಕೊರಳಿಗೆ ಭೌತಶಾಸ್ತ್ರವನ್ನು ಕಟ್ಟಿಬಿಟ್ಟಿದ್ದರು.

ಕಟ್ಟಿದ್ದು ಹೀಗೆ. ಶಾಲೆಯಲ್ಲಿ ಭೌತಶಾಸ್ತ್ರಕ್ಕೆ ವಿಕ್ಟರ್ ಎಂಬ ಜರ್ಮನ್ ಮೂಲದ ಮೇಷ್ಟ್ರಿದ್ದರು. ಇಲ್ಲೇ ಹುಟ್ಟಿ, ಕಜಕ್ ಮಾತನ್ನು ನಮಗಿಂತ ಚೆನ್ನಾಗಿ ಆಡಿಕೊಂಡಿದ್ದವರು. ಸೋವಿಯತ್ ದೇಶ ಒಡೆದು ಚೂರಾದ ಮೇಲೆ ಅವರೂ ಎಲ್ಲ ಜರ್ಮನರ ಹಾಗೆ ಗಂಟು ಮೂಟೆ ಕಟ್ಟಿ ಅಜ್ಜಂದಿರ ದೇಶಕ್ಕೆ ಹೊರಟರು. ಹೊರಡುವಾಗ ಪ್ರಯೋಗದ ಸಾಮಾನಿನ ಬೀರುವಿನ ಬೀಗದ ಕೈಯನ್ನು ಉಲ್‌ಬೋಸಿನ್ ಕೈಗಿತ್ತರು. ಅವಳ ಹೊಲಿಗೆ ಕೋಣೆ ಪಕ್ಕದಲ್ಲಿತ್ತು, ಅಷ್ಟೇ ಕಾರಣ. ಬೀಗದ ಕೈ ಯಾರ ಹತ್ತಿರ ಇದೆಯೋ ಪಾಠವೂ ಅವರದ್ದೇ ಎಂದುಬಿಟ್ಟರು ಹೆಡ್‌ಮಾಸ್ತರು ತೋಕ್ತಾರ್.

"ಸಾರ್, ನನಗೆ ಕಾಲರ್ ಕೂಡಿಸೋದು ಗೊತ್ತು, ಕಾಜ ಹಾಕೋದು ಗೊತ್ತು. ಭೌತಶಾಸ್ತ್ರದ ಗಂಧಗಾಳಿ ಇಲ್ಲ ನನಗೆ."

"ಓದೋಕೆ ಬರುತ್ತಲ್ಲಮ್ಮ? ಮಕ್ಕಳಿಗಿಂತ ಒಂದು ಪಾಠ ಮುಂದಿದ್ರೆ ಸಾಕು. ಇಲ್ಲಿ ಎಲ್ಲರೂ ಹಾಗೇ ನಡೆಸ್ತಿರೋದು."

ಮೊದಲ ವರ್ಷ ಅವಳು ಪಟ್ಟ ಪಾಡು ನಾಯಿಗೂ ಬೇಡ. ಪುಸ್ತಕದಲ್ಲಿ ಅರ್ಥವಾದದ್ದನ್ನು ಹೇಳಿದಳು, ಆಗದ್ದನ್ನು ಕೈಯಲ್ಲಿ ಮಾಡಿ ನೋಡಿದಳು. ಕೈಯಲ್ಲಿ ಮಾಡುವ ಕೆಲಸ ಅವಳಿಗೆ ನೀರು ಕುಡಿದಷ್ಟು ಸಲೀಸು. ಆಯಸ್ಕಾಂತದ ಪಾಠ ಬಂದಾಗ ಯಾರದೋ ಹಾಳು ರೇಡಿಯೋ ಬಿಚ್ಚಿಸಿ ಸ್ಪೀಕರಿನೊಳಗಿನ ಆಯಸ್ಕಾಂತ ತೆಗೆಸಿದಳು. ಹೊಲಿಗೆ ಸೂಜಿಯನ್ನು ಅದರ ಮೇಲೆ ಒಂದೇ ದಿಕ್ಕಿಗೆ ಎಳೆದೆಳೆದು, ಚೂರು ಕೊಬ್ಬು ಸವರಿ, ತಟ್ಟೆಯ ನೀರಿನ ಮೇಲೆ ಮೆಲ್ಲಗೆ ಮಲಗಿಸಿದಳು. ಸೂಜಿ ಮುಳುಗಲಿಲ್ಲ. ತನ್ನಷ್ಟಕ್ಕೆ ತಿರುಗಿ ಉತ್ತರ ದಕ್ಷಿಣವಾಗಿ ನಿಂತಿತು. ಮಕ್ಕಳಿಗಿಂತ ಮೊದಲು ಬಾಯಿ ಬಿಟ್ಟು ನಿಂತವಳು ಅವಳೇ. ಇಷ್ಟು ವರ್ಷ ಇದೇ ಸೂಜಿಯನ್ನು ಬಟ್ಟೆಗೆ ಚುಚ್ಚಿಕೊಂಡು ಕೂತಿದ್ದೆನಲ್ಲ, ಇದರ ಹೊಟ್ಟೆಯಲ್ಲಿ ಇಷ್ಟು ವಿದ್ಯೆ ಇದೆಯೆಂದು ಒಬ್ಬರೂ ಹೇಳಲಿಲ್ಲವಲ್ಲ ಎಂದು ಅವಳಿಗೆ ಸಿಟ್ಟೇ ಬಂತು. ಅವತ್ತಿನಿಂದ ಭೌತಶಾಸ್ತ್ರದ ಹುಚ್ಚು ಹಿಡಿಯಿತು.

ಎರಡು ಸೂಜಿ ತೇಲಿಬಿಟ್ಟು ತೋರಿಸಿದಳು. ಒಂದರ ಮೊನೆ ಇನ್ನೊಂದರ ಕಣ್ಣಿಗೆ ಓಡಿ ಅಂಟಿಕೊಂಡಿತು. ಮೊನೆಗೆ ಮೊನೆ ತಂದರೆ ಎರಡೂ ಮುಖ ತಿರುಗಿಸಿದವು.

"ಈ ತುದಿಗಳಿಗೇ ಧ್ರುವ ಅನ್ನೋದು. ಒಂದೇ ಥರದವು ಎದುರಾದ್ರೆ ದೂರ ತಳ್ಳುತ್ತವೆ, ಬೇರೆ ಥರದವು ಕೂಡ್ತವೆ."

"ನಮ್ಮ ಚಿಕ್ಕಮ್ಮ, ಅತ್ತೆ ಥರ, ಅಕ್ಕೋರೆ," ಎಂದಿತು ಹಿಂದಿನ ಬೆಂಚು. "ಇಬ್ರೂ ಒಂದೇ ಥರ, ಒಂದು ಕೋಣೇಲಿ ನಿಲ್ಲಲ್ಲ." ಹೀಗೆ ನಡೆಯುತ್ತಿತ್ತು ಪಾಠ.

ಊರಿನ ಬಾಯಿಗೆ ಮಾತ್ರ ಅವಳು ಹೊಲಿಗೆ ಅಕ್ಕೋರೇ. ಅದಕ್ಕೂ ಅವಳ ತಕರಾರಿರಲಿಲ್ಲ, ಮೇಲಿನಿಂದ ಹೊಸ ನಿಯಮ ಬರುವ ತನಕ. ವಿಷಯಕ್ಕೊಬ್ಬ ತಕ್ಕ ಶಿಕ್ಷಕರಿಲ್ಲದ ಹಳ್ಳಿ ಶಾಲೆಗಳಲ್ಲಿ ಏಳನೇ ತರಗತಿಯಿಂದ ಮೇಲೆ ಮುಚ್ಚಬೇಕು, ಮಕ್ಕಳನ್ನು ಜಿಲ್ಲಾ ಕೇಂದ್ರದ ವಸತಿ ಶಾಲೆಗೆ ಕಳಿಸಬೇಕು. ಜಿಲ್ಲಾ ಕೇಂದ್ರ ಎಂದರೆ ಹುಲ್ಲುಗಾವಲಿನ ಆಚೆ ತುದಿ. ಹಿಮ ಬಿದ್ದರೆ ದಾರಿ ಬಂದ್. ಒಮ್ಮೆ ಕಳಿಸಿದ ಮಗುವಿನ ಮುಖ ಕಾಣುವುದು ವಸಂತಕ್ಕೇ. ಹೆಣ್ಣುಮಕ್ಕಳನ್ನಂತೂ ಯಾರೂ ಕಳಿಸುವುದಿಲ್ಲ, ಆರನೆಯ ತರಗತಿಗೇ ಓದು ಮುಗಿಯಿತೆಂದು ಮನೆಯಲ್ಲಿ ಕೂರಿಸುತ್ತಾರೆ. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ, ಬಾಯಿಬಿಟ್ಟು ಹೇಳಬೇಕಿರಲಿಲ್ಲ.

ಒಂದೇ ಒಂದು ದಾರಿ ಉಳಿದಿತ್ತು. ಜಿಲ್ಲೆಯಿಂದ ಪಾಠಗಳ ಮೇಲ್ವಿಚಾರಕಿ ರೌಷಾನ್ ಎಂಬಾಕೆ ಬಂದು ಉಲ್‌ಬೋಸಿನ್‌ಳ ಒಂದು ತರಗತಿ ನೋಡುತ್ತಾರೆ. ಸೈ ಎಂದರೆ ಅವಳೇ ಭೌತಶಾಸ್ತ್ರದ ಶಿಕ್ಷಕಿ, ಮೇಲಿನ ತರಗತಿಗಳು ಉಳಿಯುತ್ತವೆ. ಇಲ್ಲ ಎಂದರೆ ಬೇಸಗೆ ಕಳೆದ ಮೇಲೆ ಮುಚ್ಚುತ್ತವೆ.

ಆಕೆ ಬರಲು ಗೊತ್ತುಮಾಡಿದ್ದ ದಿನ ನೌರಿಜ್ ಎಂಬ ವಸಂತದ ಹೊಸವರ್ಷದ ಹಬ್ಬದ ಮುನ್ನಾದಿನ. ಶಾಲೆಯ ಅಂಗಳದಲ್ಲಿ ಆಗಲೇ ಹಬ್ಬದ ಗುಡಾರ ಎದ್ದಿತ್ತು. ಅದು ಕುದುರೆ ಕಾಯುವ ಸೆಕ್ಸೆನ್‌ಬಾಯ್ ಮುದುಕನ ಮನೆಯ ಹಳೇ ಗುಡಾರ. ಮರದ ಜಾಲರಿ, ಉಣ್ಣೆಯ ಹೊದಿಕೆ, ಚರ್ಮದ ಬಳ್ಳಿಯ ಕಟ್ಟು. ಹೊರಗೆ ಗಾಳಿ ಜೋರಿದ್ದರಿಂದ ಆತನ ಸೊಸೆ ಬಾತಿಮಾ ಗುಡಾರದೊಳಗೇ ಕಬ್ಬಿಣದ ಕೊಪ್ಪರಿಗೆ ಇಟ್ಟು ಹಬ್ಬದ ಗಂಜಿ ಕುದಿಸಲು ಶುರುಮಾಡಿದ್ದಳು.

ಇತ್ತ ತೋಕ್ತಾರ್ ಒಳ್ಳೆ ಮದುವೆ ಮನೆಯ ಯಜಮಾನನಂತೆ ಓಡಾಡುತ್ತಿದ್ದರು. ಅಧಿಕಾರಿಗಳ ಮುಂದಿನ ಪಾಠವೆಂದರೆ ನಮ್ಮಲ್ಲಿ ಮೊದಲೇ ತಾಲೀಮು ಮಾಡಿಟ್ಟ ನಾಟಕ. ಯಾರು ಯಾವ ಪ್ರಶ್ನೆಗೆ ಎದ್ದು ಯಾವ ಉತ್ತರ ಒಪ್ಪಿಸಬೇಕೆಂದು ವಾರವಿಡೀ ಉರುಹೊಡೆಸಿದ್ದರು. ಬಾಯಿ ಸುಮ್ಮನಿರದವರನ್ನು ಹಿಂದಿನ ಬೆಂಚಿಗೆ ದಬ್ಬಿದ್ದರು. ಅವರಲ್ಲಿ ಮೊದಲನೆಯವಳು ಬಾತಿಮಾಳ ಮಗಳು ಶಿನಾರ್.

"ನೀನು ಕೈ ಎತ್ತಬೇಡ," ಎಂದು ತೋಕ್ತಾರ್ ಬೆರಳಾಡಿಸಿ ಹೇಳಿದ್ದರು.

"ಉತ್ತರ ಗೊತ್ತಿದ್ರೆ?"

"ಗೊತ್ತಿದ್ರೆ ನಾಳೆ ಹೇಳು."

ರೌಷಾನ್ ಬಂದರು. ಎತ್ತರದ ಹೆಂಗಸು, ಬೂದು ಬಣ್ಣದ ಕೋಟು, ಮುಖದಲ್ಲಿ ನಗುವೂ ಇಲ್ಲ ಸಿಡುಕೂ ಇಲ್ಲ. ಕೊನೆಯ ಬೆಂಚಿನಲ್ಲಿ ಶಿನಾರಳ ಪಕ್ಕದಲ್ಲೇ ಹೋಗಿ ಕೂತುಬಿಟ್ಟರು. ತೋಕ್ತಾರ್ ಮುಖ ನೋಡಬೇಕಿತ್ತು.

ಪಾಠ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗಿತು. ಆಯಸ್ಕಾಂತಕ್ಕೆ ಎಷ್ಟು ಧ್ರುವ? ಎರಡು. ಹೆಸರು? ಉತ್ತರ, ದಕ್ಷಿಣ. ದಿಕ್ಸೂಚಿಯ ಮುಳ್ಳು ಎತ್ತ ನೋಡುತ್ತದೆ? ಭೂಮಿಯ ಉತ್ತರದ ಕಾಂತಧ್ರುವದ ಕಡೆ. ಮಕ್ಕಳು ಗಿಳಿಗಳಂತೆ ಒಪ್ಪಿಸಿದರು. ಉಲ್‌ಬೋಸಿನ್‌ಗೆ ಗೆದ್ದೆ ಎಂದುಕೊಳ್ಳುವಷ್ಟು ಧೈರ್ಯ ಬಂದಿತ್ತು. ಆಗ ರೌಷಾನ್ ಪಕ್ಕಕ್ಕೆ ತಿರುಗಿದರು.

"ನೀನು ಒಂದು ಸಲಾನೂ ಕೈ ಎತ್ತಲಿಲ್ಲವಲ್ಲಮ್ಮ. ಮುಳ್ಳು ಯಾಕೆ ಉತ್ತರಕ್ಕೇ ನೋಡುತ್ತೆ, ನೀನು ಹೇಳು."

ಶಿನಾರ್ ತೋಕ್ತಾರ್ ಕಡೆ ನೋಡಿದಳು. ಅವರು ಕಣ್ಣಲ್ಲೇ ಬೇಡಿಕೊಂಡರು. ಪ್ರಯೋಜನವಾಗಲಿಲ್ಲ.

"ಪುಸ್ತಕದ ಉತ್ತರ ಬೇಕಾ, ನಿಜವಾದ್ದು ಬೇಕಾ?" ಎಂದು ಹುಡುಗಿ ಕೇಳಿದಳು.

"ನಿಜವಾದ್ದು."

"ಉತ್ತರದ ಆಕಾಶದಲ್ಲಿ ಅಲ್ಲಾಡದೆ ನಿಂತಿರೋ ನಕ್ಷತ್ರ ಕಬ್ಬಿಣದ ಗೂಟ. ಅದಕ್ಕೆ ಎರಡು ಕುದುರೆ ಕಟ್ಟಿದೆ, ಅವನ್ನ ಕದಿಯೋಕೆ ಏಳು ಕಳ್ಳರು ಸುತ್ತ ಹೊಂಚು ಹಾಕ್ತಾ ತಿರುಗ್ತಾರೆ. ನಮ್ಮಜ್ಜ ಹೇಳಿದ್ದು. ಆಯಸ್ಕಾಂತ ಕಬ್ಬಿಣದ ಕಡೆ ಹೋಗುತ್ತೆ ಅಂತ ಅಕ್ಕೋರು ಹೇಳಿದ್ದಾರೆ. ಮುಳ್ಳು ಆಯಸ್ಕಾಂತ, ಗೂಟ ಕಬ್ಬಿಣ. ಅದಕ್ಕೇ ಆ ಕಡೆ ನೋಡುತ್ತೆ."

ತರಗತಿಯಲ್ಲಿ ಒಬ್ಬರೂ ನಗಲಿಲ್ಲ. ನಗುವುದೇಕೆ, ಎಲ್ಲರೂ ತಲೆಯಾಡಿಸುತ್ತಿದ್ದರು. ಅಷ್ಟು ಹೊತ್ತು ಕಾಂತಧ್ರುವವನ್ನು ಉರುಹೊಡೆದು ಒಪ್ಪಿಸಿದವರೂ ತಲೆಯಾಡಿಸುತ್ತಿದ್ದರು. ಉಲ್‌ಬೋಸಿನ್‌ಗೆ ಗಾಬರಿಯಾಯಿತು. ಹುಡುಗಿ ತಪ್ಪು ಹೇಳಿದಳೆಂದಲ್ಲ. ಹುಡುಗಿ ಹೇಳಿದ್ದು ತನ್ನ ಮನಸ್ಸಿನಲ್ಲೇ ಇದ್ದ ಮಾತು ಎಂದು. ಚಿಕ್ಕಂದಿನಿಂದ ಆ ಗೂಟವನ್ನು ನೋಡಿಕೊಂಡೇ ಬೆಳೆದವಳು ಅವಳೂ. ಪುಸ್ತಕದ ಧ್ರುವ ನಾಲಿಗೆಯ ಮೇಲಿತ್ತು, ಗೂಟ ಹೊಟ್ಟೆಯೊಳಗಿತ್ತು.

"ತಪ್ಪಮ್ಮ, ಕೂತ್ಕೊ," ಎಂದು ತೋಕ್ತಾರ್ ಎದ್ದರು. "ಮೇಡಮ್, ಇವಳು ಸ್ವಲ್ಪ..."

"ಇರಿ ಸಾರ್," ಎಂದಳು ಉಲ್‌ಬೋಸಿನ್. ತನ್ನ ದನಿ ಅಷ್ಟು ಗಟ್ಟಿ ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ. "ಶಿನಾರ್, ಆ ಗೂಟ ಎಷ್ಟು ಎತ್ತರದಲ್ಲಿದೆ? ಕೈ ಮಾಡಿ ತೋರಿಸು."

ಶಿನಾರ್ ಮಾತ್ರವಲ್ಲ, ಇಡೀ ತರಗತಿ ಉತ್ತರದ ಗೋಡೆಯ ಕಡೆ ಕೈ ಚಾಚಿ ಓರೆಯಾಗಿ ಮೇಲಕ್ಕೆತ್ತಿತು. ಎಲ್ಲ ಕೈಗಳೂ ಒಂದೇ ಎತ್ತರದಲ್ಲಿ ನಿಂತವು. ಕುದುರೆ ಕಾಯುವ ಮನೆಗಳ ಮಕ್ಕಳು, ಇದರಲ್ಲಿ ತಪ್ಪುವವರಲ್ಲ.

"ಹಾಗಾದ್ರೆ ಮುಳ್ಳು ಗೂಟದ ಕಡೆ ನೋಡೋದು ನಿಜ ಆದ್ರೆ, ತಲೆ ಎತ್ತಿ ಮೇಲಕ್ಕೆ ನೋಡಬೇಕು. ದಿಕ್ಸೂಚಿ ಡಬ್ಬಿಯೊಳಗೆ ಚಪ್ಪಟೆ ಮಲಗಿದೆಯಲ್ಲ?"

"ಗಾಜು ಮುಚ್ಚಿದೆ ಅಕ್ಕೋರೆ. ಕೊಟ್ಟಿಗೇಲಿ ಕಟ್ಟಿದ ಕುದುರೆ ಹೇಗೆ ತಲೆ ಎತ್ತುತ್ತೆ? ಬಿಟ್ಟು ನೋಡಿ."

ಬಿಟ್ಟು ನೋಡಿ. ಬಿಟ್ಟು ನೋಡಿದರೆ ಏನಾಗುತ್ತದೆಂದು ಉಲ್‌ಬೋಸಿನ್‌ಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಮೇಲ್ವಿಚಾರಕಿಯ ಎದುರು ಮಾಡುವುದೆಂದರೆ ಮೈಮೇಲೆ ಎಳೆದುಕೊಂಡಂತೆ. ಸೂಜಿ ತಲೆ ಎತ್ತಿಬಿಟ್ಟರೆ? ಶಾಲೆ ಮುಚ್ಚುವುದು, ಇದೇ ಶಿನಾರ್ ಮನೆಯಲ್ಲಿ ಕೂರುವುದು, ಎಲ್ಲವೂ ಕಣ್ಣ ಮುಂದೆ ಬಂತು. ಸುಮ್ಮನೆ ಕೂರಿಸಿಬಿಡುವುದು ಸುಲಭವಿತ್ತು. ಆದರೆ ಈ ಹುಡುಗಿಯನ್ನು ಈಗ ಕೂರಿಸಿದರೆ ಇವಳು ಇನ್ನೊಮ್ಮೆ ಏಳುವುದಿಲ್ಲ ಎನ್ನಿಸಿತು. ಅವಳ ಕೈ ಆಗಲೇ ಕುಪ್ಪಸದ ಅಂಚಿಗೆ ಹೋಗಿತ್ತು. ಅಲ್ಲಿ ಯಾವಾಗಲೂ ದಾರ ಸಮೇತ ಒಂದು ಸೂಜಿ ಸಿಕ್ಕಿಸಿಕೊಂಡಿರುತ್ತಿದ್ದಳು.

ಸೂಜಿಯ ನಡುವಿಗೆ ದಾರದ ಗಂಟು ಹಾಕಿ, ಆಚೀಚೆ ಸರಿಸಿ, ತಕ್ಕಡಿ ಕಡ್ಡಿಯ ಹಾಗೆ ಸಮವಾಗಿ ತೂಗುವಂತೆ ಮಾಡಿದಳು. ಮೇಣ ಸವರಿ ಗಂಟನ್ನು ಗಟ್ಟಿ ಮಾಡಿದಳು. "ನೋಡಿ, ಎರಡೂ ಕಡೆ ಸಮ. ಒಪ್ಪಿಗೇನಾ?" ಮಕ್ಕಳು ಒಪ್ಪಿದರು. ಆಮೇಲೆ ಸೂಜಿಯನ್ನು ಕಣ್ಣಿನಿಂದ ಮೊನೆಯ ಕಡೆಗೆ ಆಯಸ್ಕಾಂತದ ಮೇಲೆ ಎಳೆಯತೊಡಗಿದಳು. ಸಾಕೆನಿಸಿದ ಮೇಲೆ ದಾರ ಹಿಡಿದು ಎತ್ತಿದಳು.

ಸೂಜಿ ಗಿರ್ರನೆ ತಿರುಗಿ ಒಲೆಯ ಕಡೆ ನೆಟ್ಟು ನಿಂತಿತು. ಚಳಿಗೆ ಕೋಣೆ ಕಾಯಿಸಲು ಇಟ್ಟ ಎರಕದ ಕಬ್ಬಿಣದ ದೊಡ್ಡ ಒಲೆ.

"ಕಬ್ಬಿಣಕ್ಕೇ ಹೋಯ್ತು," ಎಂದಳು ಶಿನಾರ್ ಗೆದ್ದವಳಂತೆ.

"ಒಲೆ ಇದೆ, ಬೆಂಚಿನ ಕಾಲೆಲ್ಲ ಕಬ್ಬಿಣ, ಕಿಟಕಿ ಸರಳು ಕಬ್ಬಿಣ. ಇಲ್ಲಿ ಅದರ ಮಾತು ಕೇಳಿಸಲ್ಲ," ಎಂದಳು ಉಲ್‌ಬೋಸಿನ್. "ಹೊರಗೆ ಗಾಳಿ. ಕಬ್ಬಿಣ ಇಲ್ಲದ, ಗಾಳಿ ಬಾರದ ಜಾಗ ಬೇಕು."

ಅಷ್ಟೂ ಮಕ್ಕಳು ಒಟ್ಟಿಗೆ ಕಿಟಕಿಯಾಚೆ ನೋಡಿದರು. ಮೊಳೆ ಒಂದೂ ಇಲ್ಲದ ಗುಡಾರ ಅಂಗಳದಲ್ಲೇ ನಿಂತಿತ್ತು.

ಬಾತಿಮಾಳ ಗಂಜಿ ಆಗಷ್ಟೇ ಕುದಿ ಹಿಡಿದಿತ್ತು. ತರಗತಿಗೆ ತರಗತಿಯೇ ಒಳಗೆ ನುಗ್ಗಿದ್ದು ನೋಡಿ ಸೌಟು ಎತ್ತಿಕೊಂಡು ನಿಂತಳು.

"ಬಾತಿಮಾ ಅಕ್ಕ, ಕೊಪ್ಪರಿಗೆ ಹೊರಗಿಡಬೇಕು."

"ಯಾಕೆ, ನಿನಗೆ ತಲೆ ನೆಟ್ಟಗಿದೆಯಾ? ಊರಿನ ಹಬ್ಬದ ಗಂಜಿ ಇದು. ಅರ್ಧ ಬೇಯಿಸಿ ಇಳಿಸ್ತಾರಾ?"

"ಕಬ್ಬಿಣ ಇರಬಾರದು ಅಕ್ಕ. ಮುಕ್ಕಾಲಿಯೂ ಬೇಡ, ನಿನ್ನ ಚಾಕುವೂ ಬೇಡ."

"ನನ್ನ ಸೊಂಟದ ಮೂಳೆನೂ ತೆಗೆದಿಡಲಾ?"

"ಅಮ್ಮ, ಇಳಿಸು," ಎಂದಳು ಶಿನಾರ್. "ನಾನು ಹೇಳಿದ್ದು ನಿಜಾನೋ ಸುಳ್ಳೋ ಅಂತ ನೋಡ್ತಿದ್ದಾರೆ."

ಬಾತಿಮಾ ಮಗಳ ಮುಖ ನೋಡಿದಳು, ಬೂದು ಕೋಟಿನ ಹೆಂಗಸನ್ನು ನೋಡಿದಳು. ಬಂದದ್ದು ಯಾರೆಂದು ಅರ್ಥವಾಯಿತು. ಬಾಯಿ ಗೊಣಗುತ್ತಲೇ ಇತ್ತು, ಕೈ ಮಾತ್ರ ಕೊಪ್ಪರಿಗೆಯ ಕಿವಿ ಹಿಡಿದಿತ್ತು. ದೊಡ್ಡ ಹುಡುಗರು ಇನ್ನೊಂದು ಕಿವಿ ಹಿಡಿದರು. ಕೆಂಡಕ್ಕೆ ಬೂದಿ ಮುಚ್ಚಿದರು.

ಉಲ್‌ಬೋಸಿನ್ ಗುಡಾರದ ನೆತ್ತಿಯ ಮರದ ಚಕ್ರದಿಂದ ಉದ್ದ ದಾರ ಇಳಿಬಿಟ್ಟು ಅದರ ತುದಿಗೆ ಸೂಜಿ ಕಟ್ಟಿದಳು. ಸುತ್ತ ಮಕ್ಕಳು ಉಣ್ಣೆಯ ಹಾಸಿನ ಮೇಲೆ ಕೂತರು. ಸೂಜಿ ತಿರುಗಿತು, ಮರಳಿ ತಿರುಗಿತು, ಇನ್ನೇನು ನಿಲ್ಲಬೇಕು, ಮತ್ತೆ ಬೆಚ್ಚಿ ಓಡಾಡಿತು. ತೋಕ್ತಾರ್ ಹತ್ತಿರ ಬಂದು ಬಗ್ಗಿದ್ದರು.

"ಸಾರ್, ಜೇಬಲ್ಲಿ ಏನಿದೆ?"

"ಶಾಲೆ ಬೀಗದ ಕೈ."

"ಹೊರಗಿಟ್ಟು ಬನ್ನಿ." ಹೆಡ್‌ಮಾಸ್ತರು ತೆಪ್ಪಗೆ ಹೊರಗೆ ಹೋಗಿ ಬರಿಗೈಯಲ್ಲಿ ಬಂದರು.

ಸೂಜಿ ಮೆಲ್ಲಮೆಲ್ಲಗೆ ನಿಧಾನವಾಯಿತು. ಮೊನೆ ಉತ್ತರಕ್ಕೆ ಬಂತು. ಆಮೇಲೆ, ಎಲ್ಲರೂ ನೋಡುತ್ತಿದ್ದಂತೆ, ಮೊನೆ ತಲೆ ಬಾಗಿಸಿತು. ಸ್ವಲ್ಪ ಅಲ್ಲ, ಬಾವಿಗೆ ಬಗ್ಗಿದವರ ಹಾಗೆ ಬಾಗಿಸಿತು. ಕಣ್ಣಿನ ತುದಿ ಮೇಲಕ್ಕೆದ್ದಿತು, ಮೊನೆ ನೆಲವನ್ನು ತೋರಿಸುತ್ತ ನಿಂತುಬಿಟ್ಟಿತು.

ಮೇಲಕ್ಕಲ್ಲ. ಕೆಳಕ್ಕೆ.

"ಗಂಟು ಜಾರಿರಬೇಕು," ಎಂದಳು ಶಿನಾರ್. ದನಿಯಲ್ಲಿ ಮೊದಲಿನ ಜೋರಿರಲಿಲ್ಲ. "ಮೊನೆ ಕಡೆ ಭಾರ ಆಗಿರುತ್ತೆ."

ಎಂಥ ಹುಡುಗಿ. ಉಲ್‌ಬೋಸಿನ್‌ಗೆ ಅವಳನ್ನು ಅಪ್ಪಿ ಮುದ್ದಾಡಬೇಕೆನ್ನಿಸಿತು. "ಇರಬಹುದು. ಭಾರದಿಂದ ಬಾಗಿದ್ರೆ ಏನು ಮಾಡಿದ್ರೂ ಮೊನೇನೇ ಬಾಗಬೇಕು, ಅಲ್ವಾ? ತಗೋ, ನೀನೇ ಎಳಿ. ಈ ಸಲ ಉಲ್ಟಾ. ಮೊನೆಯಿಂದ ಕಣ್ಣಿನ ಕಡೆಗೆ. ಗಂಟು ಮುಟ್ಟಬೇಡ."

ಶಿನಾರ್ ಹಲ್ಲು ಕಚ್ಚಿ ಎಳೆದಳು, ಬೆರಳು ಕೆಂಪಾಗುವ ತನಕ ಎಳೆದಳು. ಮತ್ತೆ ದಾರಕ್ಕೆ ತೂಗುಬಿಟ್ಟಳು. ಸೂಜಿ ಸುತ್ತಿತು, ಸುತ್ತಿತು, ಈಗ ಉತ್ತರಕ್ಕೆ ಬಂದದ್ದು ಕಣ್ಣು. ಬಾಗಿದ್ದೂ ಕಣ್ಣೇ. ಆಗ ನೆಲ ತೋರಿಸುತ್ತಿದ್ದ ಮೊನೆ ಈಗ ಮೇಲಿನ ಚಕ್ರವನ್ನು ನೋಡುತ್ತಿತ್ತು.

ಗುಡಾರದಲ್ಲಿ ಗದ್ದಲವೆದ್ದಿತು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು. ಶಿನಾರ್ ಮಾತ್ರ ಕದಲದೆ ಸೂಜಿಯನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರು ಬರುತ್ತದೇನೋ ಎಂದು ಉಲ್‌ಬೋಸಿನ್ ಹೆದರಿದಳು. ಆದರೆ ಹುಡುಗಿಯ ತುಟಿ ಅರಳುತ್ತ ಹೋಗಿ, ಕೊನೆಗೆ ಜೋರಾಗಿ ನಕ್ಕುಬಿಟ್ಟಳು.

"ಆಕಾಶ ಅಲ್ಲ ಅಕ್ಕೋರೆ. ನೆಲದೊಳಗಿಂದ ಎಳೀತಿದೆ. ಎಳೀತಿರೋದು ಭೂಮಿನೇ."

"ಹೌದು ನನ್ನ ಬಂಗಾರ. ಭೂಮಿಯೇ ಒಂದು ದೊಡ್ಡ ಆಯಸ್ಕಾಂತ. ಅದಕ್ಕೂ ಎರಡು ಧ್ರುವ. ಸೂಜಿ ಉತ್ತರದ ಕಾಂತಧ್ರುವದ ಹಾದಿ ಹಿಡಿದು ನೆಲದೊಳಕ್ಕೆ ನೋಡ್ತಿದೆ." ವರ್ಷಗಟ್ಟಲೆ ಓದಿ ಒಪ್ಪಿಸಿದ ಸಾಲು ಅದು. ಹೇಳುತ್ತಿರುವುದು ತನಗೇ ಅರ್ಥವಾಗಿ ಹೇಳಿದ್ದು ಅವತ್ತೇ ಮೊದಲು.

"ಹಾಗಾದ್ರೆ ಡಬ್ಬಿಯೊಳಗಿನ ಮುಳ್ಳು ಯಾಕೆ ಬಾಗಲ್ಲ?" ಎಂದು ಯಾವನೋ ಕೇಳಿದ.

"ಅದು ನನಗೆ ಗೊತ್ತಿಲ್ಲ," ಎಂದಳು ಉಲ್‌ಬೋಸಿನ್.

"ಕಾರ್ಖಾನೆಯವರು ಇನ್ನೊಂದು ತುದಿಗೆ ಚೂರು ಭಾರ ಇಟ್ಟಿರ್ತಾರೆ, ಚಪ್ಪಟೆ ನಿಲ್ಲಲಿ ಅಂತ," ಎಂದಿತು ನೆಲದ ಮಟ್ಟದಿಂದ ಒಂದು ದನಿ. ರೌಷಾನ್ ಕೋಟಿನ ಸಮೇತ ಹಾಸಿನ ಮೇಲೆ ಅಡ್ಡಾಗಿ, ಸೂಜಿಯ ಕೆಳಗೆ ತಲೆಯಿಟ್ಟು ನೋಡುತ್ತಿದ್ದರು. ಎದ್ದು ಕೂತು ಕೋಟಿಗೆ ಅಂಟಿದ ಉಣ್ಣೆ ಕೊಡವಿಕೊಂಡರು. ಗದ್ದಲ ತಾನಾಗಿ ನಿಂತಿತು.

"ನೀವು ತಯಾರು ಮಾಡ್ಕೊಂಡ ಹಾಗೆ ಪಾಠ ನಡೀಲಿಲ್ಲ," ಎಂದರು.

"ಇಲ್ಲ ಮೇಡಮ್."

"ಸೂಜಿ ಕೆಳಕ್ಕೆ ಬಾಗುತ್ತೆ ಅಂತ ಮೊದಲೇ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ತೋಕ್ತಾರ್ ಹಿಂದಿನಿಂದ ಹೌದೆನ್ನು ಎಂದು ಸನ್ನೆ ಮಾಡುತ್ತಿದ್ದರು. "ಗೊತ್ತಿರಲಿಲ್ಲ," ಎಂದಳು ಉಲ್‌ಬೋಸಿನ್.

"ಮೇಲಕ್ಕೆ ಹೋಗಿದ್ರೆ?"

"ಮೇಲಕ್ಕೆ ಹೋಯ್ತು ಅಂತಾನೇ ಹೇಳ್ತಿದ್ದೆ. ಮತ್ತೇನ್ ಹೇಳಲಿ?"

ರೌಷಾನ್ ನಕ್ಕರು. ಆ ಮುಖಕ್ಕೆ ನಗು ಅಷ್ಟು ಚೆನ್ನಾಗಿ ಒಪ್ಪುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ. "ನಾನು ಭೌತಶಾಸ್ತ್ರ ಓದಿದವಳು. ನನಗೆ ಗೊತ್ತಿತ್ತು, ಬಾಯಿ ಬಿಗಿಹಿಡ್ಕೊಂಡು ಕೂತಿದ್ದೆ, ನೀವು ಹುಡುಗೀನ ಕೂರಿಸ್ತೀರೋ ಎಬ್ಬಿಸ್ತೀರೋ ನೋಡೋಣ ಅಂತ. ಮೇಲಿನ ತರಗತಿಗಳು ಇಲ್ಲೇ ನಡೀಲಿ. ಪಾಠ ನಿಮ್ಮದು, ಶಾಲೆ ನಿಮ್ಮದು. ಯಾರಾದ್ರೂ ತಕರಾರು ಮಾಡಿದ್ರೆ ನನ್ನ ಹತ್ರ ಕಳಿಸಿ."

ಬಾಗಿಲ ಹೊದಿಕೆಯ ಆಚೆ ಕೊಪ್ಪರಿಗೆ ಕಾಯುತ್ತ ಕಿವಿಯಿಟ್ಟು ನಿಂತಿದ್ದ ಬಾತಿಮಾಳ ಕೈಯಿಂದ ಸೌಟು ಬಿತ್ತು. ಒಳಗೆ ನುಗ್ಗಿ ಮಗಳನ್ನು ಎಳೆದು ಎದೆಗೊತ್ತಿಕೊಂಡಳು. "ಇಲ್ಲೇ ಓದ್ತಾಳೆ, ನನ್ನ ಕಣ್ಣ ಮುಂದೇನೇ ಓದ್ತಾಳೆ," ಎಂದು ಗೋಳೋ ಎಂದು ಅತ್ತಳು. ಶಿನಾರ್ ನಾಚಿಕೆಯಿಂದ ಬಿಡಿಸಿಕೊಳ್ಳಲು ನೋಡಿ ಸೋತಳು. ಉಲ್‌ಬೋಸಿನ್ ಅಳಲಿಲ್ಲ. ಅವಳ ಎದೆಯಲ್ಲಿ ಎಷ್ಟು ಸಂತೋಷ ತುಂಬಿತ್ತೆಂದರೆ ಅಳುವುದಕ್ಕೆ ಜಾಗವೇ ಇರಲಿಲ್ಲ.

ಕೊಪ್ಪರಿಗೆ ಒಳಗೆ ಬಂತು. ಅತಿಥಿ ಬಂದ ಮನೆಯಲ್ಲಿ ಬಾಗಿಲಿನ ಎದುರಿನ ಮೇಲಿನ ಜಾಗ ಅತಿಥಿಗೆ, ಮೊದಲ ಬಟ್ಟಲೂ ಅತಿಥಿಗೆ. ಉಲ್‌ಬೋಸಿನ್ ಈ ಊರಿಗೆ ಸೊಸೆಯಾಗಿ ಬಂದವಳು, ಅಂದಿನಿಂದ ಬಾಗಿಲ ಪಕ್ಕದಲ್ಲೇ ಕೂತು ಬಡಿಸಿದವಳು. ಅವತ್ತೂ ಅಲ್ಲೇ ಕೂರಲು ಹೊರಟಳು. ಬಾತಿಮಾ ಇರುವುದರಲ್ಲೇ ದೊಡ್ಡ ಬಟ್ಟಲು ತುಂಬಿಸಿಕೊಂಡು ಬಂದು ಅವಳ ರಟ್ಟೆ ಹಿಡಿದು ಎಬ್ಬಿಸಿದಳು.

"ಏಳು. ಮೇಲೆ ಹೋಗಿ ಕೂರು."

"ಬಾತಿಮಾ, ಮೊದಲು ಮೇಡಮ್ಮಿಗೆ," ಎಂದು ತೋಕ್ತಾರ್ ಗಾಬರಿಯಾದರು. "ಪದ್ಧತಿ ಅಂತ ಒಂದಿದೆ."

"ಪದ್ಧತಿ ನನಗೆ ಹೇಳಿಕೊಡಬೇಡಿ ಸಾರ್. ಗುಡಾರ ನಮ್ಮದು."

ರೌಷಾನ್ ಆಗಲೇ ಮೇಲಿನ ಜಾಗದಿಂದ ಪಕ್ಕಕ್ಕೆ ಸರಿದು, ಹಾಸಿನ ಮೇಲೆ ಅಂಗೈಯಿಂದ ತಟ್ಟಿ ಕರೆಯುತ್ತಿದ್ದರು. ಉಲ್‌ಬೋಸಿನ್ ಅಷ್ಟೂ ಜನರ ನಡುವೆ ನಡೆದುಹೋಗಿ ಬಾಗಿಲಿಗೆ ಎದುರಾಗಿ ಕೂತಳು. ಬಟ್ಟಲು ಎರಡೂ ಕೈಯಿಂದ ಹಿಡಿದಳು. ಒಲೆಯಿಂದ ಇಳಿಸಿದ ಗಂಜಿ ತಣ್ಣಗಾಗಿತ್ತು, ಗೋಧಿ ಇನ್ನೂ ಸರಿಯಾಗಿ ಬೆಂದಿರಲಿಲ್ಲ. ತಳ ಕಾಣುವ ತನಕ ಕುಡಿದಳು, ಇನ್ನೊಂದು ಬಟ್ಟಲು ಕೇಳಿದಳು.